ನಿಮ್ಮ ಮದುವೆಗೆ ನನ್ನ ವೋಟು ಬೇಕೇ?

2017ರ ಡಿಸೆಂಬರ್ 7ರಂದು ಆಸ್ಟ್ರೇಲಿಯಾದ ಸಂಸತ್ತು ಸಲಿಂಗ ವಿವಾಹಕ್ಕೆ ಒಪ್ಪಿಗೆ ಕೊಟ್ಟಿತು. 9ರಿಂದ ಕಾನೂನು ಜಾರಿಗೂ ಬಂತು. ಮದುವೆಗೆ ಒಂದು ತಿಂಗಳು ಮೊದಲೇ ನೋಟಿಸ್ ಕೊಡಬೇಕೆಂಬ ನಿಯಮ ಇಲ್ಲಿದೆ. ಹಾಗಾಗಿ ಹೆಚ್ಚಿನ ಜೋಡಿಗಳ ಮದುವೆ 2018ರ ಜನವರಿ 9ರ ನಂತರ ನಡೆಯಬೇಕಿತ್ತು. ನಮ್ಮೂರಿನವರಿಗೆ ಇದು ವಿದೇಶ ಪುಟದ ಒಂದು ಸಣ್ಣ ಸುದ್ದಿಯಾಗಿ ಕಂಡಿರಬಹುದು. ಎರಡು ವರ್ಷದಿಂದ ಸಿಡ್ನಿಯಲ್ಲಿ ಓದುತ್ತಿರುವ ನನಗೆ ಮಾತ್ರ ಈ ಸುದ್ದಿಗಿಂತ ಅದಕ್ಕೆ ಮೊದಲು ನಡೆದ ಮೂರು ತಿಂಗಳ ಚರ್ಚೆಯೇ ದೊಡ್ಡದಾಗಿ ಕಾಣುತ್ತಿದೆ.

ಸೆಪ್ಟೆಂಬರ್ 12ರಿಂದ ಇಲ್ಲಿನ ಸರ್ಕಾರ ಸುಮಾರು 1 ಕೋಟಿ 60 ಲಕ್ಷ ಮತದಾರರ ಮನೆಗೆ ಅಂಚೆಯಲ್ಲಿ ಒಂದು ಫಾರಂ ಕಳಿಸಿತು. ಅದರಲ್ಲಿದ್ದದ್ದು ಒಂದೇ ಪ್ರಶ್ನೆ. ಒಂದೇ ಲಿಂಗದ ಜೋಡಿಗಳು ಮದುವೆಯಾಗಲು ಅವಕಾಶವಾಗುವಂತೆ ಕಾನೂನು ಬದಲಿಸಬೇಕೇ? ಕೆಳಗೆ ಎರಡು ಚೌಕ: ಹೌದು, ಇಲ್ಲ. ನವೆಂಬರ್ 15ರಂದು ಫಲಿತಾಂಶ ಬಂತು. ನೂರಕ್ಕೆ 79.5ರಷ್ಟು ಜನ ಫಾರಂ ತುಂಬಿ ಕಳಿಸಿದ್ದರು. ‘ಹೌದು’ ಎಂದವರು ಶೇ 61.6, ‘ಇಲ್ಲ’ ಎಂದವರು ಶೇ 38.4.

‘ಹೌದು’ ಗೆದ್ದದ್ದು ಒಳ್ಳೆಯದಾಯಿತು ಎಂದೇ ನಾನು ನಂಬುತ್ತೇನೆ. ಆದರೆ ಗೆದ್ದ ದಿನದಿಂದಲೂ ನನ್ನನ್ನು ಬೇರೊಂದು ಪ್ರಶ್ನೆ ಕಾಡುತ್ತಿದೆ. ಇಬ್ಬರು ವಯಸ್ಕರು ಮದುವೆಯಾಗಬಹುದೇ ಬೇಡವೇ ಎಂದು ಉಳಿದವರೆಲ್ಲ ಸೇರಿ ವೋಟು ಹಾಕಿ ತೀರ್ಮಾನಿಸುವುದು ಸರಿಯೇ? ನನಗೆ ಇಲ್ಲಿ ವೋಟಿಲ್ಲ. ವಿದ್ಯಾರ್ಥಿ ವೀಸಾದಲ್ಲಿರುವವರು ಬರೀ ನೋಡುವವರು. ನೋಡಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಸಂಸತ್ತು ಮಾಡಬೇಕಿದ್ದ ಕೆಲಸ

ಈ ಮತದಾನ ನಡೆಯಲೇಬೇಕು ಎಂಬ ನಿಯಮವೇನೂ ಇರಲಿಲ್ಲ. ಆಸ್ಟ್ರೇಲಿಯಾದ 1961ರ ವಿವಾಹ ಕಾಯ್ದೆಗೆ ‘ಮದುವೆ ಎಂದರೆ ಒಬ್ಬ ಗಂಡು, ಒಬ್ಬ ಹೆಣ್ಣಿನ ನಡುವಿನದು’ ಎಂಬ ವ್ಯಾಖ್ಯೆ ಸೇರಿದ್ದೇ 2004ರಲ್ಲಿ. ಪ್ರಧಾನಿ ಜಾನ್ ಹೋವರ್ಡ್ ಅವರ ಸರ್ಕಾರ ಸಂಸತ್ತಿನಲ್ಲಿ ತಿದ್ದುಪಡಿ ತಂದು ಅದನ್ನು ಸೇರಿಸಿತು. ಆಗ ಯಾರ ಮನೆಗೂ ಫಾರಂ ಹೋಗಲಿಲ್ಲ. 2013ರಲ್ಲಿ ರಾಜಧಾನಿ ಕ್ಯಾನ್‌ಬೆರಾ ಪ್ರದೇಶದ ಶಾಸನಸಭೆ ತನ್ನದೇ ಕಾನೂನು ಮಾಡಿ ಸಲಿಂಗ ವಿವಾಹಕ್ಕೆ ಅವಕಾಶ ಕೊಟ್ಟಿತು. ಮದುವೆಗಳು ಶುರುವಾಗಿ ಕೆಲವೇ ದಿನಗಳಾಗಿದ್ದವು. ಅಷ್ಟರಲ್ಲಿ, ಡಿಸೆಂಬರ್ 12ರಂದು, ಇಲ್ಲಿನ ಅತ್ಯುನ್ನತ ನ್ಯಾಯಾಲಯವಾದ ಹೈಕೋರ್ಟ್ ಅದನ್ನು ರದ್ದು ಮಾಡಿತು. ಆದರೆ ಅದೇ ತೀರ್ಪು ಇನ್ನೊಂದು ಮಾತನ್ನೂ ಸ್ಪಷ್ಟಪಡಿಸಿತು. ಸಲಿಂಗ ವಿವಾಹಕ್ಕೆ ಅವಕಾಶ ಕೊಡುವ ಅಧಿಕಾರ ದೇಶದ ಸಂಸತ್ತಿಗೆ ಇದೆ. ಸಂವಿಧಾನ ತಿದ್ದಬೇಕಿಲ್ಲ, ಜನಮತ ಸಂಗ್ರಹ ಬೇಕಿಲ್ಲ.

ಹಾಗಿದ್ದ ಮೇಲೆ ವೋಟು ಯಾಕೆ ಬಂತು? ಉತ್ತರ ಆಡಳಿತ ಪಕ್ಷದ ಒಳಜಗಳದಲ್ಲಿದೆ. 2015ರ ಆಗಸ್ಟ್‌ನಲ್ಲಿ ಪ್ರಧಾನಿ ಟೋನಿ ಅಬಾಟ್ ತಮ್ಮ ಮೈತ್ರಿಕೂಟದ ಸಂಸದರ ಸಭೆ ಕರೆದರು. ಗಂಟೆಗಟ್ಟಲೆ ಚರ್ಚೆಯಾದ ಮೇಲೂ ಒಮ್ಮತ ಮೂಡಲಿಲ್ಲ. ಸಂಸದರಿಗೆ ಆತ್ಮಸಾಕ್ಷಿಯಂತೆ ಮತ ಹಾಕುವ ಸ್ವಾತಂತ್ರ್ಯ ಕೊಟ್ಟರೆ ಮಸೂದೆ ಪಾಸಾಗಬಹುದು, ಕೊಡದಿದ್ದರೆ ಪಕ್ಷ ಒಡೆಯಬಹುದು. ಮುಂದೆ ಜನರನ್ನೇ ಕೇಳೋಣ ಎಂಬ ದಾರಿ ಹುಟ್ಟಿದ್ದು ಅಲ್ಲಿ. ಅವರ ನಂತರ ಬಂದ ಮಾಲ್ಕಂ ಟರ್ನ್‌ಬುಲ್ ಸ್ವತಃ ಸಲಿಂಗ ವಿವಾಹದ ಪರ ಇದ್ದವರು. ಆದರೂ ಪಕ್ಷದ ಒಪ್ಪಂದಕ್ಕೆ ಕಟ್ಟುಬಿದ್ದು ಅದೇ ದಾರಿ ಹಿಡಿದರು. 2016ರ ನವೆಂಬರ್‌ನಲ್ಲಿ ಸೆನೆಟ್ ಮತದಾನದ ಮಸೂದೆಯನ್ನೇ ತಿರಸ್ಕರಿಸಿತು. ಆಗ ಸರ್ಕಾರ ಒಂದು ಉಪಾಯ ಹುಡುಕಿತು. ಚುನಾವಣಾ ಆಯೋಗದ ಬದಲು ಅಂಕಿಅಂಶ ಇಲಾಖೆಯ ಕೈಯಲ್ಲಿ ಅಂಚೆಯ ಮೂಲಕ ‘ಸಮೀಕ್ಷೆ’ ಮಾಡಿಸುವುದು. ಸಮೀಕ್ಷೆಗೆ ಹೊಸ ಕಾನೂನು ಬೇಡ. ಮೀಸಲಿಟ್ಟ ಹಣ 12.2 ಕೋಟಿ ಡಾಲರ್. ಇದನ್ನು ಪ್ರಶ್ನಿಸಿದ ಅರ್ಜಿಗಳನ್ನು ಹೈಕೋರ್ಟ್ ಸೆಪ್ಟೆಂಬರ್ 7ರಂದು ವಜಾ ಮಾಡಿತು.

ಮತದಾನ ಕಡ್ಡಾಯವಾಗಿರುವ ದೇಶ ಇದು. ಚುನಾವಣೆಯಲ್ಲಿ ವೋಟು ಹಾಕದಿದ್ದರೆ ದಂಡ ಬೀಳುತ್ತದೆ. ಈ ಸಮೀಕ್ಷೆ ಮಾತ್ರ ಐಚ್ಛಿಕ. ಫಲಿತಾಂಶಕ್ಕೆ ಸಂಸದರು ಬದ್ಧರಾಗಬೇಕು ಎಂದೂ ಇರಲಿಲ್ಲ. ಅಂದರೆ ಕಾನೂನಿನ ಕಣ್ಣಿನಲ್ಲಿ ಇದೊಂದು ದುಬಾರಿ ಅಭಿಪ್ರಾಯ ಸಂಗ್ರಹ. ಆದರೆ ಯಾರ ಬಗ್ಗೆ ಅಭಿಪ್ರಾಯ ಕೇಳಲಾಗುತ್ತಿತ್ತೋ ಅವರಿಗೆ ಅದು ಹಾಗಿರಲಿಲ್ಲ.

ಕೇಳಿದ್ದು ಒಂದು, ಚರ್ಚೆಯಾದದ್ದು ಇನ್ನೊಂದು

ಫಾರಂನಲ್ಲಿ ಕೇಳಿದ್ದು ಮದುವೆಯ ಬಗ್ಗೆ. ಆದರೆ ಟಿ.ವಿ.ಯಲ್ಲಿ ಬಂದ ‘ಇಲ್ಲ’ ಪರ ಜಾಹೀರಾತಿನಲ್ಲಿ ತಾಯಂದಿರು ಕಾಣಿಸಿಕೊಂಡರು. ನಿನಗೆ ಇಷ್ಟವಾದರೆ ಹೆಣ್ಣುಮಕ್ಕಳ ಉಡುಪು ಹಾಕಿಕೊಳ್ಳಬಹುದು ಎಂದು ತನ್ನ ಮಗನಿಗೆ ಶಾಲೆಯಲ್ಲಿ ಹೇಳಿದರು ಎಂದು ಒಬ್ಬ ತಾಯಿ ದೂರಿದರು. ಶಾಲೆಯ ಪಾಠ, ಮಕ್ಕಳ ಮನಸ್ಸು, ಚರ್ಚಿನ ಸ್ವಾತಂತ್ರ್ಯ ಎಲ್ಲವೂ ಚರ್ಚೆಗೆ ಬಂದವು. ಇದು ಜಾಣತನದ ಪ್ರಚಾರ. ‘ಪಕ್ಕದ ಮನೆಯ ಇಬ್ಬರು ಮದುವೆಯಾದರೆ ನಿಮಗೇನು ನಷ್ಟ’ ಎಂದು ನೇರವಾಗಿ ಕೇಳಿದರೆ ಹೆಚ್ಚಿನವರ ಬಳಿ ಉತ್ತರವಿಲ್ಲ. ‘ನಿಮ್ಮ ಮಗುವಿಗೆ ಏನಾಗಬಹುದು ಗೊತ್ತೇ’ ಎಂದರೆ ಎಂಥ ತಾಯಿಯೂ ಒಂದು ಕ್ಷಣ ನಿಲ್ಲುತ್ತಾಳೆ.

‘ಹೌದು’ ಎಂದವರ ವಾದ ಸರಳವಾಗಿತ್ತು. ಎಲ್ಲರಿಗೂ ಒಂದೇ ಕಾನೂನು ಇರಲಿ. ಜೊತೆಗೆ ಬಾಳುವ ಜೋಡಿಗಳಿಗೆ ಹೆಚ್ಚಿನ ಹಕ್ಕುಗಳು ಈಗಾಗಲೇ ಇವೆಯಲ್ಲ ಎಂದು ಎದುರಾಳಿಗಳು ಕೇಳಿದರು. ಇವೆ ನಿಜ. ಆದರೆ ಸಂಗಾತಿ ಆಸ್ಪತ್ರೆಗೆ ಸೇರಿದಾಗಲೋ, ತೀರಿಕೊಂಡಾಗಲೋ ‘ನಾವು ಜೊತೆಗಿದ್ದೆವು’ ಎಂದು ಸಾಬೀತು ಮಾಡುವುದು ಒಂದು ಪಾಡು. ಮದುವೆಯಾದವರು ಒಂದು ಸರ್ಟಿಫಿಕೇಟ್ ತೋರಿಸಿದರೆ ಸಾಕು.

ಚರ್ಚೆ ಎಲ್ಲಿಗೆ ಹೋಗಬಹುದು ಎಂಬ ಭಯ ಸಂಸತ್ತಿಗೂ ಇತ್ತು. ಹಾಗಾಗಿಯೇ ಸೆಪ್ಟೆಂಬರ್‌ನಲ್ಲಿ, ಸಮೀಕ್ಷೆಯ ಅವಧಿಗೆಂದೇ, ನಿಂದನೆ ಬೆದರಿಕೆಗಳ ವಿರುದ್ಧ ತಾತ್ಕಾಲಿಕ ಕಾನೂನೊಂದನ್ನು ಮಾಡಿದರು. ಒಂದು ಪ್ರಶ್ನೆ ಕೇಳುವ ಹೊತ್ತಿಗೇ ಬೈಗುಳಕ್ಕೆ ತಡೆ ಹಾಕಬೇಕಾಯಿತು. ಆ ಪ್ರಶ್ನೆ ಯಾರ ಮೇಲೆ ಬೀಳಲಿದೆ ಎಂಬುದು ಕೇಳುವವರಿಗೂ ಗೊತ್ತಿತ್ತು ಎಂದಲ್ಲವೇ ಇದರ ಅರ್ಥ?

ಬೈಗುಳವೇ ಇಲ್ಲದೆಯೂ ಹೇಗೆ ನೋವಾಗುತ್ತದೆ ಎಂಬುದನ್ನು ನಾನು ಹತ್ತಿರದಿಂದ ಕಂಡೆ. ನನ್ನ ಜೊತೆ ಓದುವ ಗೆಳೆಯನೊಬ್ಬ ಸಲಿಂಗಿ. ಕರ್ನಾಟಕದವನೇ. ಅವನನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಹೆಸರು, ಊರು ಬೇಡ. ದೀಪಾವಳಿಯ ದಿನ ನಮ್ಮಿಬ್ಬರನ್ನೂ ಪರಿಚಯದ ಕನ್ನಡ ಕುಟುಂಬವೊಂದು ಊಟಕ್ಕೆ ಕರೆದಿತ್ತು. ಹೋಳಿಗೆ ಬಡಿಸುವ ಹೊತ್ತಿಗೆ ಮಾತು ಫಾರಂ ಕಡೆ ಹೊರಳಿತು. ‘ಇದೆಲ್ಲ ಇಲ್ಲಿನವರ ಕಾಯಿಲೆ, ನಮ್ಮಲ್ಲಿ ಎಲ್ಲಿತ್ತು?’ ಎಂದರು ಒಬ್ಬರು. ‘ಇವತ್ತು ಮದುವೆ ಅಂತಾರೆ, ನಾಳೆ ನಮ್ಮ ಮಕ್ಕಳಿಗೆ ಸ್ಕೂಲಲ್ಲಿ ಅದನ್ನೇ ಹೇಳಿಕೊಡ್ತಾರೆ’ ಎಂದರು ಇನ್ನೊಬ್ಬರು. ಯಾರ ದನಿಯಲ್ಲೂ ದ್ವೇಷ ಇರಲಿಲ್ಲ. ಆ ಮನೆಯ ಆಂಟಿ ‘ಎಷ್ಟು ಸೊರಗಿದೀಯೋ’ ಎನ್ನುತ್ತಾ ಅವನ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕಿ ತುಪ್ಪ ಸುರಿದರು. ಅವನು ತಲೆಯೆತ್ತದೆ ತಿಂದ. ವಾಪಸು ಬರುವಾಗ ಟ್ರೈನಿನಲ್ಲಿ, ‘ನವೆಂಬರ್ 7 ಮುಗಿಯೋವರೆಗೂ ನನ್ನನ್ನ ಯಾರ ಮನೆಗೂ ಕರೀಬೇಡ ಮಾರಾಯ’ ಎಂದ. ನವೆಂಬರ್ 7 ಫಾರಂ ತಲುಪಿಸಲು ಕೊನೆಯ ದಿನ.

ಫ್ರಿಜ್ ಮೇಲಿನ ಲಕೋಟೆ

ಅಂಚೆ ಮತದಾನಕ್ಕೆ ಇನ್ನೊಂದು ಮುಖವಿದೆ. ಮತಗಟ್ಟೆಯಲ್ಲಿ ನಾವು ಮರೆಯಲ್ಲಿ ನಿಂತು ಒಬ್ಬರೇ ಗುರುತು ಹಾಕುತ್ತೇವೆ. ಅಪ್ಪ, ಗಂಡ, ಊರ ಗೌಡರು ಯಾರೂ ಇಣುಕುವಂತಿಲ್ಲ. ಮನೆಗೆ ಬಂದ ಫಾರಂಗೆ ಆ ಮರೆ ಇಲ್ಲ. ನಾನು ಬಾಡಿಗೆಗಿರುವ ಮನೆಯ ಅಂಕಲ್ ಮೂರು ಲಕೋಟೆಗಳನ್ನೂ ಫ್ರಿಜ್ ಮೇಲೆ ಜೋಡಿಸಿ ಇಟ್ಟಿದ್ದರು. ‘ಭಾನುವಾರ ಎಲ್ಲರದ್ದೂ ಒಟ್ಟಿಗೆ ತುಂಬಿ ಹಾಕಿಬಿಡೋಣ’ ಎಂದರು. ಕರೆಂಟ್ ಬಿಲ್ ಕಟ್ಟುವಷ್ಟೇ ಸಹಜವಾಗಿ ಹೇಳಿದ ಮಾತು ಅದು. 19 ವರ್ಷದ ಮಗಳು ತನ್ನ ಲಕೋಟೆ ಎತ್ತಿಕೊಂಡು, ‘ನಂದು ನಾನೇ ಹಾಕ್ತೀನಪ್ಪಾ’ ಎಂದು ಕಾಲೇಜು ಬ್ಯಾಗಿಗೆ ಸೇರಿಸಿದಳು. ಅಂಕಲ್ ಒಂದು ಕ್ಷಣ ಸುಮ್ಮನಿದ್ದು, ‘ಆಯ್ತು’ ಎಂದರು. ಆಂಟಿಯ ಲಕೋಟೆ ಅಲ್ಲೇ ಉಳಿಯಿತು. ಅವರದ್ದನ್ನು ಯಾರು ತುಂಬಿದರೋ ನಾನು ಕೇಳಲಿಲ್ಲ.

ಇಂಥ ಮನೆಗಳು ಎಷ್ಟು ಎಂದು ಯಾವ ಇಲಾಖೆಯೂ ಎಣಿಸಲಾರದು. ಆದರೆ ಗುಟ್ಟಿನ ಮತದಾನದ ಹಕ್ಕನ್ನು ಮಡಚಿ ಲಕೋಟೆಯಲ್ಲಿ ಇಟ್ಟರೆ ಅದು ಎಲ್ಲರಿಗೂ ಒಂದೇ ಅಳತೆಯಲ್ಲಿ ತಲುಪುವುದಿಲ್ಲ ಎಂಬುದು ನನಗೆ ಆ ಫ್ರಿಜ್ ಮುಂದೆ ಅರ್ಥವಾಯಿತು.

ಯುವಜನರ ವಿಷಯದಲ್ಲಿ ಒಂದು ಸಂತೋಷದ ಸಂಗತಿಯೂ ಇದೆ. ಮತದಾರರ ಪಟ್ಟಿಗೆ ಸೇರಲು ಆಗಸ್ಟ್ 24 ಕೊನೆಯ ದಿನವಾಗಿತ್ತು. ಅಷ್ಟರೊಳಗೆ 90 ಸಾವಿರಕ್ಕೂ ಹೆಚ್ಚು ಹೊಸ ಹೆಸರುಗಳು ಸೇರಿದವು. 18–19 ವರ್ಷದವರಲ್ಲಿ ನೂರಕ್ಕೆ 78ರಷ್ಟು ಮಂದಿ ಮತ ಹಾಕಿದರು. ಹುಡುಗರಿಗೆ ರಾಜಕೀಯ ಬೇಡ ಎನ್ನುವವರು ಈ ಅಂಕಿ ನೋಡಬೇಕು.

ಪಶ್ಚಿಮ ಸಿಡ್ನಿ ಹೇಳಿದ್ದೇನು?

ಎಲ್ಲ ರಾಜ್ಯಗಳೂ ‘ಹೌದು’ ಎಂದವು. 150 ಕ್ಷೇತ್ರಗಳಲ್ಲಿ 133 ‘ಹೌದು’, 17 ‘ಇಲ್ಲ’. ಆ 17ರಲ್ಲಿ 12 ಕ್ಷೇತ್ರಗಳು ಪಶ್ಚಿಮ ಸಿಡ್ನಿಯ ಕಡೆಯವು. ವಲಸೆ ಬಂದವರು ಹೆಚ್ಚಾಗಿರುವ ಭಾಗ ಅದು. ಬ್ಲ್ಯಾಕ್ಸ್‌ಲ್ಯಾಂಡ್‌ನಲ್ಲಿ ‘ಇಲ್ಲ’ ಶೇ 73.9. ಭಾರತೀಯ ಅಂಗಡಿ, ಹೋಟೆಲು, ದೇವಸ್ಥಾನಗಳು ಹೆಜ್ಜೆಹೆಜ್ಜೆಗೂ ಸಿಗುವ ಪ್ಯಾರಮ್ಯಾಟಾ ಕ್ಷೇತ್ರದಲ್ಲಿ ‘ಇಲ್ಲ’ ಶೇ 61.6, ‘ಹೌದು’ ಶೇ 38.4. ಅಂದರೆ ಇಡೀ ದೇಶದ ಫಲಿತಾಂಶ ಇಲ್ಲಿ ತಲೆಕೆಳಗಾಗಿ ನಿಂತಿದೆ.

ಇದನ್ನು ಓದುವಾಗ ಎಚ್ಚರ ಬೇಕು. ಈ ಭಾಗದಲ್ಲಿ ಲೆಬನಾನ್, ಚೀನಾ, ವಿಯೆಟ್ನಾಂ, ಭಾರತ ಎಲ್ಲ ಕಡೆಯವರೂ ಇದ್ದಾರೆ. ಮುಸ್ಲಿಮರು, ಕ್ರೈಸ್ತರು, ಹಿಂದೂಗಳು ಎಲ್ಲರೂ ಇದ್ದಾರೆ. ಯಾವ ಮನೆಯಿಂದ ಯಾವ ಉತ್ತರ ಹೋಯಿತು ಎಂದು ಕ್ಷೇತ್ರದ ಅಂಕಿ ಹೇಳುವುದಿಲ್ಲ. ವಲಸಿಗರು ಕಡಿಮೆ ಇರುವ ಕ್ವೀನ್ಸ್‌ಲ್ಯಾಂಡಿನ ಮೂರು ಗ್ರಾಮೀಣ ಕ್ಷೇತ್ರಗಳೂ ‘ಇಲ್ಲ’ ಎಂದಿವೆ. ಪ್ಯಾರಮ್ಯಾಟಾದಲ್ಲೂ ನೂರಕ್ಕೆ 38 ಮಂದಿ ‘ಹೌದು’ ಎಂದಿದ್ದಾರೆ, ಅವರಲ್ಲಿ ನಮ್ಮವರೂ ಇದ್ದಾರೆ. ಹಾಗಾಗಿ ‘ವಲಸಿಗರು ಹಿಂದುಳಿದವರು’ ಎಂಬ ಸುಲಭದ ತೀರ್ಪನ್ನು ನಾನು ಒಪ್ಪುವುದಿಲ್ಲ.

ಆದರೂ ಊಟದ ಮನೆಗಳಲ್ಲಿ ನಾನು ಕೇಳಿದ್ದನ್ನು ಕೇಳಿಲ್ಲ ಎನ್ನಲಾರೆ. 2016ರ ಜನಗಣತಿಯ ಪ್ರಕಾರ ಭಾರತದಲ್ಲಿ ಹುಟ್ಟಿ ಆಸ್ಟ್ರೇಲಿಯಾದಲ್ಲಿರುವವರು 4.5 ಲಕ್ಷಕ್ಕೂ ಹೆಚ್ಚು. ಒಟ್ಟು ಜನಸಂಖ್ಯೆಯಲ್ಲಿ ನೂರಕ್ಕೆ ಎರಡಕ್ಕಿಂತ ಕಡಿಮೆ. ನಾವಿಲ್ಲಿ ಅಲ್ಪಸಂಖ್ಯಾತರು. ದೇವಸ್ಥಾನ ಕಟ್ಟಲು ಅನುಮತಿ, ಮಕ್ಕಳಿಗೆ ಕನ್ನಡ ಕಲಿಸಲು ಶನಿವಾರದ ಶಾಲೆ, ಬಣ್ಣ ನೋಡಿ ಹೀಯಾಳಿಸುವವರಿಂದ ರಕ್ಷಣೆ ಎಲ್ಲವನ್ನೂ ನಾವು ಹಕ್ಕು ಎಂದು ಕೇಳುತ್ತೇವೆ. ಸರಿಯಾಗಿಯೇ ಕೇಳುತ್ತೇವೆ. ‘ಭಾರತೀಯರಿಗೆ ಇಲ್ಲಿ ದೇವಸ್ಥಾನ ಕಟ್ಟಲು ಬಿಡಬೇಕೇ, ಹೌದು ಅಥವಾ ಇಲ್ಲ’ ಎಂದು 1 ಕೋಟಿ 60 ಲಕ್ಷ ಮನೆಗೆ ಫಾರಂ ಕಳಿಸಿದರೆ ನಮಗೆ ಹೇಗನ್ನಿಸುತ್ತದೆ? ಗೆಲ್ಲುತ್ತೇವೋ ಸೋಲುತ್ತೇವೋ ಆಮೇಲಿನ ಮಾತು. ಪ್ರಶ್ನೆ ಬಂದ ದಿನವೇ ನಮ್ಮ ಎದೆ ಧಸಕ್ ಎನ್ನುವುದಿಲ್ಲವೇ?

ಮತದ ಪರವಾಗಿಯೂ ಮಾತಿದೆ

ಮತದಾನವೇ ತಪ್ಪು ಎಂದು ಒಂದೇ ಉಸಿರಿನಲ್ಲಿ ಹೇಳಿಬಿಡುವುದೂ ನ್ಯಾಯವಲ್ಲ. ಎರಡು ವರ್ಷ ಕದಲದ ಸಂಸತ್ತು ಫಲಿತಾಂಶದ ನಂತರ ಮೂರೂವರೆ ವಾರದೊಳಗೆ ಕೆಲಸ ಮುಗಿಸಿತು. ಸೆನೆಟ್‌ನಲ್ಲಿ 43–12ರಿಂದ ಪಾಸಾದ ಮಸೂದೆಗೆ ಕೆಳಮನೆಯಲ್ಲಿ ವಿರೋಧ ಮತ ಹಾಕಿದವರು ನಾಲ್ಕೇ ಮಂದಿ. ಟೋನಿ ಅಬಾಟ್ ಅವರ ಸ್ವಂತ ಕ್ಷೇತ್ರ ವಾರಿಂಗಾ ಶೇ 75ರಷ್ಟು ‘ಹೌದು’ ಎಂದಿತ್ತು. ‘ಇಲ್ಲ’ ಪರ ಪ್ರಚಾರ ಮಾಡಿದ್ದ ಅವರು ಕೊನೆಯ ಮತದಾನದಲ್ಲಿ ಭಾಗವಹಿಸಲೇ ಇಲ್ಲ. ಇನ್ನು ಮುಂದೆ ಯಾವ ಸರ್ಕಾರ ಬಂದರೂ ‘ಜನರಿಗೆ ಇಷ್ಟವಿರಲಿಲ್ಲ, ಮೇಲಿನವರು ಹೇರಿದರು’ ಎನ್ನುವಂತಿಲ್ಲ.

ಐರ್ಲೆಂಡ್‌ನ ಉದಾಹರಣೆಯನ್ನೂ ಹಲವರು ಕೊಡುತ್ತಾರೆ. ಅಲ್ಲಿ ಸಂವಿಧಾನ ತಿದ್ದಲು ಜನಮತ ಸಂಗ್ರಹ ಕಡ್ಡಾಯ. ಅದಕ್ಕೂ ಮೊದಲು, 2013ರಲ್ಲಿ, ಸಾಮಾನ್ಯ ನಾಗರಿಕರೇ ಹೆಚ್ಚಾಗಿದ್ದ ನೂರು ಮಂದಿಯ ಸಮಾವೇಶ ಕೂತು, ಕೇಳಿ, ಚರ್ಚಿಸಿ ಶಿಫಾರಸು ಮಾಡಿತ್ತು. 2015ರ ಮೇ 22ರಂದು ಶೇ 62ರಷ್ಟು ಜನ ಒಪ್ಪಿದರು. ಮುಂಬೈ ಮೂಲದ ವೈದ್ಯರೊಬ್ಬರ ಮಗ ಲಿಯೊ ವರಾಡ್ಕರ್ ಆ ವರ್ಷದ ಜನವರಿಯಲ್ಲಿ ತಾನು ಸಲಿಂಗಿ ಎಂದು ಬಹಿರಂಗವಾಗಿ ಹೇಳಿದರು. 2017ರ ಜೂನ್‌ನಲ್ಲಿ ಅವರು ಐರ್ಲೆಂಡಿನ ಪ್ರಧಾನಿಯಾದರು.

ಆದರೆ ಎಲ್ಲ ಕಡೆ ಹೀಗೆ ಆಗಲಿಲ್ಲ. 2008ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕೋರ್ಟು ಕೊಟ್ಟ ಮದುವೆಯ ಹಕ್ಕನ್ನು ಶೇ 52ರಷ್ಟು ಮತದಾರರು ಕಿತ್ತುಕೊಂಡರು. 2015ರ ಡಿಸೆಂಬರ್‌ನಲ್ಲಿ ಸ್ಲೊವೇನಿಯಾದ ಸಂಸತ್ತು ಕೊಟ್ಟದ್ದನ್ನು ಶೇ 63ರಷ್ಟು ಮತಗಳು ರದ್ದು ಮಾಡಿದವು. ಐರ್ಲೆಂಡಿನ ಜೋಡಿಗೂ ಸ್ಲೊವೇನಿಯಾದ ಜೋಡಿಗೂ ವ್ಯತ್ಯಾಸವೇನಿತ್ತು? ಅಕ್ಕಪಕ್ಕದವರ ಮನಸ್ಸು ಬೇರೆ ಇತ್ತು, ಅಷ್ಟೇ. ಆಸ್ಟ್ರೇಲಿಯಾದಲ್ಲಿ ‘ಹೌದು’ ಶೇ 61.6ರ ಬದಲು 48 ಬಂದಿದ್ದರೆ, ನನ್ನ ಸಹಪಾಠಿಯ ಬದುಕಿನ ಬೆಲೆ ಅಷ್ಟರ ಮಟ್ಟಿಗೆ ಇಳಿದುಬಿಡುತ್ತಿತ್ತೇ? ಇಳಿಯುವುದಿಲ್ಲ ಎಂದಾದರೆ ಎಣಿಸಿದ್ದು ಯಾಕೆ?

ನಮ್ಮ ದೇಶದಲ್ಲಿ

ಭಾರತದಲ್ಲಿ ಮದುವೆಯ ಮಾತು ದೂರ. ಬ್ರಿಟಿಷರು ಬರೆದಿಟ್ಟ ದಂಡಸಂಹಿತೆಯ 377ನೇ ಕಲಂ 2017ರಲ್ಲಿ ಇನ್ನೂ ಜಾರಿಯಲ್ಲಿತ್ತು. ಆಸ್ಟ್ರೇಲಿಯಾಕ್ಕೂ ಅಂಥದೇ ಕಾನೂನು ಅದೇ ಬ್ರಿಟಿಷರಿಂದ ಬಂದಿತ್ತು. ಅಲ್ಲಿನ ರಾಜ್ಯಗಳು ಒಂದೊಂದಾಗಿ ತೆಗೆದುಹಾಕಿದವು. ಕೊನೆಯದಾಗಿ ಟಾಸ್ಮೇನಿಯಾ 1997ರಲ್ಲಿ. ನಮ್ಮಲ್ಲಿ 2009ರಲ್ಲಿ ದೆಹಲಿ ಹೈಕೋರ್ಟ್ ವಯಸ್ಕರ ಖಾಸಗಿ ಸಂಬಂಧ ಅಪರಾಧವಲ್ಲ ಎಂದಿತು. 2013ರ ಡಿಸೆಂಬರ್ 11ರಂದು, ಅಂದರೆ ಆಸ್ಟ್ರೇಲಿಯಾದ ಹೈಕೋರ್ಟ್ ಕ್ಯಾನ್‌ಬೆರಾದ ಮದುವೆಗಳನ್ನು ರದ್ದು ಮಾಡುವುದಕ್ಕೆ ಒಂದು ದಿನ ಮೊದಲು, ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಳ್ಳಿಹಾಕಿತು. ಕೊಟ್ಟ ಕಾರಣಗಳಲ್ಲಿ ಒಂದು, ಇವರ ಸಂಖ್ಯೆ ಬಹಳ ಸಣ್ಣದು ಎಂಬುದು. ವೋಟು ನಡೆಯಲಿಲ್ಲ, ಆದರೂ ತಲೆ ಎಣಿಸಿದಂತೆಯೇ ಆಯಿತು.

2017ರ ಆಗಸ್ಟ್ 24ರಂದು ಒಂದು ದೊಡ್ಡ ತಿರುವು ಬಂತು. ಆಸ್ಟ್ರೇಲಿಯಾದ ಹುಡುಗರು ಮತದಾರರ ಪಟ್ಟಿಗೆ ಹೆಸರು ಸೇರಿಸಲು ಕೊನೆಯ ಗಳಿಗೆಯಲ್ಲಿ ಧಾವಿಸುತ್ತಿದ್ದ ಅದೇ ದಿನ, ನಮ್ಮ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. ಲೈಂಗಿಕ ಒಲವು ಆ ಖಾಸಗಿತನದ ಭಾಗ ಎಂದೂ, ಸಂಖ್ಯೆ ಕಡಿಮೆ ಎಂಬ ಕಾರಣಕ್ಕೆ ಯಾರ ಹಕ್ಕನ್ನೂ ನಿರಾಕರಿಸುವಂತಿಲ್ಲ ಎಂದೂ ಆ ತೀರ್ಪಿನಲ್ಲಿದೆ. 377ರ ಕುರಿತ ಅರ್ಜಿಗಳು 2017ರಲ್ಲಿ ಇನ್ನೂ ಕೋರ್ಟಿನ ಮುಂದಿದ್ದವು. ಇಂಥ ಅರ್ಜಿಗಳ ವಿಚಾರಣೆ ಬಂದಾಗ ನಮ್ಮ ಟಿ.ವಿ. ಚಾನೆಲ್‌ಗಳಲ್ಲಿ ಎಸ್‌ಎಂಎಸ್ ಪೋಲ್ ನಡೆಯುವುದು ಖಂಡಿತ. ‘ನೀವು ಪರವೋ ವಿರೋಧವೋ’ ಎಂದು ಕೇಳುತ್ತಾರೆ.

ಈ ಪ್ರಶ್ನೆಯ ಬಗ್ಗೆ ಮಾತಾಡಬೇಕು, ಎಣಿಸಬಾರದು ಎಂಬುದು ಈ ಮೂರು ತಿಂಗಳು ನನಗೆ ಕಲಿಸಿದ ಪಾಠ. ಮಾತಾಡುವಾಗಲೂ ಒಂದನ್ನು ನೆನಪಿಡಬೇಕು. ನೂರಾರು ಜನರಿರುವ ಕಾಲೇಜಿನಲ್ಲಿ, ಹತ್ತು ಮಂದಿ ಕೂತ ಊಟದ ಮನೆಯಲ್ಲಿ, ನಾವು ‘ಅವರು’ ಎನ್ನುತ್ತಿರುವವರಲ್ಲಿ ಒಬ್ಬರು ಅಲ್ಲೇ ಕೂತಿರುವ ಸಾಧ್ಯತೆ ಇದ್ದೇ ಇದೆ. ನನ್ನ ಗೆಳೆಯನಿಗೆ ಆಸ್ಟ್ರೇಲಿಯಾದ ಹೊಸ ಕಾನೂನಿನಿಂದ ಸದ್ಯಕ್ಕೆ ಏನೂ ಸಿಗುವುದಿಲ್ಲ. ಓದು ಮುಗಿಸಿ ಅವನು ಊರಿಗೆ ಬರಬೇಕು. ಮನೆಯಲ್ಲಿ ಈಗಾಗಲೇ ಜಾತಕ ತರಿಸುತ್ತಿದ್ದಾರಂತೆ. ಅವನ ಅಪ್ಪ ಅಮ್ಮನಿಗೆ ಯಾವ ಸರ್ಕಾರವೂ ಫಾರಂ ಕಳಿಸುವುದಿಲ್ಲ. ಅವರಿಗೆ ಹೇಳಬೇಕಾದವನು ಅವನೇ. ಆ ದಿನ ಅವನ ಅಕ್ಕ, ಭಾವ, ಸೋದರಮಾವ, ಚಿಕ್ಕಂದಿನ ಗೆಳೆಯರು ಏನು ಹೇಳುತ್ತಾರೆ ಎಂಬುದರ ಮೇಲೆ ಬಹಳಷ್ಟು ನಿಂತಿದೆ. ಇದನ್ನು ಓದುತ್ತಿರುವ ನಿಮ್ಮಲ್ಲಿ ಯಾರಾದರೂ ಅಂಥ ಅಕ್ಕನೋ, ಗೆಳೆಯನೋ ಆಗಿರಬಹುದು. ನಿಮ್ಮ ಉತ್ತರವನ್ನು ಈಗಲೇ ಯೋಚಿಸಿಟ್ಟುಕೊಳ್ಳಿ.